ಬೀಸುವ ಕಲ್ಲು ನಿಂತ ಮೇಲೆ
ಕತ್ತಲಗೆರೆಯ ನಮ್ಮ ಮನೆಯಲ್ಲಿ ಅವ್ವನ ದಿನ ಶುರುವಾಗುತ್ತಿದ್ದುದೇ ಬೀಸುವ ಕಲ್ಲಿನ ಮುಂದೆ. ಒಂದು ಕಾಲು ಚಾಚಿ, ಇನ್ನೊಂದು ಮಡಚಿ ಕೂತು, ಬಲಗೈಯಲ್ಲಿ ಗೂಟ ತಿರುಗಿಸುತ್ತ ಎಡಗೈಯಿಂದ ಹಿಡಿ ಹಿಡಿ ರಾಗಿ ಸುರಿಯುತ್ತಿದ್ದಳು. ಆಮೇಲೆ ಒನಕೆ, ಆಮೇಲೆ ಬಾವಿಯ ಹಗ್ಗ.

1960ರ ದಶಕದಲ್ಲಿ ಭದ್ರಾ ನಾಲೆ ನಮ್ಮ ಚನ್ನಗಿರಿ ಸೀಮೆಯ ಬದುಕನ್ನೇ ಬದಲಿಸಿತು. ಗದ್ದೆಯಲ್ಲಿ ಭತ್ತ ಹೆಚ್ಚಿತು, ತಟ್ಟೆಯಲ್ಲಿ ಮುದ್ದೆಯ ಪಕ್ಕ ಅನ್ನ ಬೆಳೆಯಿತು. ಹಿಟ್ಟಿನ ಗಿರಣಿ, ರೈಸ್ ಮಿಲ್ಲು, ಮಿಕ್ಸಿ, ನಲ್ಲಿ ಒಂದೊಂದಾಗಿ ಬಂದವು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಸೊಂಟ ಮುರಿಯುವ ಆ ದುಡಿತ ಮರಳಿ ಬರುವುದು ಬೇಡ. ಆದರೆ ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಇನ್ಸುಲಿನ್ ನೆರವಿಲ್ಲದೆಯೂ ಹೀರಿಕೊಳ್ಳುತ್ತದೆ. ಆ ಲಾಭವೂ ಕಲ್ಲಿನ ಜೊತೆಗೇ ಹೋಯಿತು. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಮುಟ್ಟು ನಿಂತ ಮೇಲೆ ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ; ಎರಡೂ ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ.

ನನಗೂ ಸಕ್ಕರೆ ಕಾಯಿಲೆ ಇದೆ. ಊಟವಾದ ಮೇಲೆ ಪಡಸಾಲೆಯಲ್ಲೇ ಹತ್ತು ನಿಮಿಷ ಓಡಾಡುತ್ತೇನೆ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುತ್ತೇನೆ, ಗೋಡೆಗೆ ಅಂಗೈ ಒತ್ತಿ ಬಾಗಿ ಏಳುತ್ತೇನೆ, ಹಿಮ್ಮಡಿ ಎತ್ತುತ್ತೇನೆ. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಬೇಕು, ಸಕ್ಕರೆ ತೀರಾ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಕೈಗೆಟಕುವಂತೆ ಬೆಲ್ಲದ ಚೂರು ಇಟ್ಟುಕೊಳ್ಳಬೇಕು.

ಅವ್ವಂದಿರು ಮೈ ದಣಿಸಿದ್ದು ಮನೆಯವರ ಹೊಟ್ಟೆಗಾಗಿ. ಈಗ ದಿನಕ್ಕೆ ಅರ್ಧ ಗಂಟೆಯಾದರೂ ನಮ್ಮ ಮೈಗಾಗಿಯೇ ಮೀಸಲಿಡೋಣ. ಅದನ್ನು ಕೇಳಿ ಪಡೆಯುವ ಹಕ್ಕು ನಮಗಿದೆ.