ಬೀಗದ ಕೈ ಕೊಡದೆ ಬಾಗಿಲು ತೆರೆಸಿದ ಕಥೆ

ಆಯನೂರಿನ ಯುವತಿಯೊಬ್ಬಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದಾಳೆ ಎಂದು ಭಾವಿಸಿ. ಹಗಲು ವಿಶ್ವವಿದ್ಯಾಲಯದ ಗಣಕದಲ್ಲಿ ವಿಜ್ಞಾನ ಪತ್ರಿಕೆಯ ಲೇಖನವೊಂದು ಸಲೀಸಾಗಿ ತೆರೆದುಕೊಳ್ಳುತ್ತದೆ. ಸಂಜೆ ಊರಿಗೆ ಬಂದು ಅದನ್ನೇ ತೆರೆಯಹೊರಟರೆ ಪ್ರಕಾಶಕರು ಹಣ ಕೇಳುತ್ತಾರೆ. ಓದುವವಳು ಬದಲಾಗಿಲ್ಲ, ಬದಲಾದದ್ದು ಗಣಕದ ವಿಳಾಸ ಮಾತ್ರ. ಯುಜಿಸಿ-ಇನ್ಫೋನೆಟ್ ಡಿಜಿಟಲ್ ಗ್ರಂಥಾಲಯ ಒಕ್ಕೂಟ ಆರಂಭವಾಗಿ ನಮ್ಮ ವಿಶ್ವವಿದ್ಯಾಲಯಗಳಿಗೆ ಇಂಥ ಪತ್ರಿಕೆಗಳು ಅಂತರಜಾಲದ ಮೂಲಕ ದೊರೆತಾಗ ಪ್ರವೇಶದ ಮುಖ್ಯ ವಿಧಾನ ಇದೇ ಆಗಿತ್ತು. ಕೋರಿಕೆ ಕ್ಯಾಂಪಸ್ಸಿನ ಐಪಿ ವಿಳಾಸದಿಂದ ಬಂದರೆ ಒಳಕ್ಕೆ, ಇಲ್ಲವಾದರೆ ಹೊರಕ್ಕೆ.

ಹಾಗಾದರೆ ಪ್ರತಿಯೊಬ್ಬ ಪ್ರಕಾಶಕರ ಬಳಿಯೂ ಆಕೆಗೊಂದು ಪಾಸ್‌ವರ್ಡ್ ಇರಲಿ ಎನ್ನಬಹುದೆ? ಇಪ್ಪತ್ತು ತಾಣಗಳಿಗೆ ಇಪ್ಪತ್ತು ಪಾಸ್‌ವರ್ಡ್ ನೆನಪಿಡುವವರು ಅಪರೂಪ. ಬಹುತೇಕರು ಒಂದನ್ನೇ ಎಲ್ಲ ಕಡೆ ಬಳಸುತ್ತಾರೆ. ಒಂದು ಕಡೆ ಸೋರಿದರೆ ಎಲ್ಲ ಕಡೆಯೂ ಸೋರಿದಂತೆ. ಪಾಸ್‌ವರ್ಡಿನ ಸೋರಿಕೆಗೆ ಪಾಸ್‌ವರ್ಡಿನಷ್ಟೇ ವಯಸ್ಸು. 1961ರಲ್ಲಿ ಎಂಐಟಿಯ ಫರ್ನಾಂಡೊ ಕಾರ್ಬಟೊ ತಂಡ ಹಲವರು ಒಂದೇ ಗಣಕವನ್ನು ಹಂಚಿಕೊಳ್ಳುವ ಸಿಟಿಎಸ್ಎಸ್ ವ್ಯವಸ್ಥೆಯನ್ನು ತೋರಿಸಿತು. ಅದರಲ್ಲಿ ಬಳಕೆಗೆ ಬಂದ ಪಾಸ್‌ವರ್ಡುಗಳ ಪಟ್ಟಿಯನ್ನು ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ಮುದ್ರಿಸಿಕೊಂಡುಬಿಟ್ಟ. ತನಗೆ ಕೊಟ್ಟಿದ್ದ ಗಣಕದ ಸಮಯ ಸಾಲದೆಂಬುದು ಅವನ ಕಾರಣ!

ಇದಕ್ಕೊಂದು ಬೇರೆ ದಾರಿ ನಮಗೆ ಹಳೆಯ ಪರಿಚಯದ್ದೇ. ಶಾಲಾ ಮಕ್ಕಳ ಬಸ್ ಪಾಸ್ ನೆನಪಿಸಿಕೊಳ್ಳಿ. ಹುಡುಗ ನಿಜಕ್ಕೂ ವಿದ್ಯಾರ್ಥಿಯೇ ಎಂದು ಸಾರಿಗೆ ಸಂಸ್ಥೆ ತರಗತಿಗೆ ಬಂದು ನೋಡುತ್ತಿರಲಿಲ್ಲ. ಅರ್ಜಿಯ ಮೇಲಿನ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರನ್ನು ನಂಬುತ್ತಿತ್ತು. ಸಹಿ ಹಾಕುವವರು ಮೂರನೆಯವರು. ಪಾಸಿಗೆ ಅವಧಿಯೂ ಉಂಟು.

ಗಣಕಗಳಿಗೆ ಇದನ್ನು ಅಳವಡಿಸುವ ಖಚಿತ ವಿಧಾನವನ್ನು 1978ರಲ್ಲಿ ರೋಜರ್ ನೀಡಮ್ ಮತ್ತು ಮೈಕೇಲ್ ಶ್ರೋಡರ್ ಸೂಚಿಸಿದರು. ಇಬ್ಬರೂ ನಂಬುವ ಒಂದು ಸರ್ವರ್ ನಡುವೆ ನಿಂತು, ಇಬ್ಬರಿಗೂ ತಾತ್ಕಾಲಿಕ ಗೂಢಲಿಪಿ ಕೀಲಿಯೊಂದನ್ನು ಹಂಚುತ್ತದೆ. ಮೂರು ವರ್ಷಗಳಲ್ಲಿ ಡೊರೊಥಿ ಡೆನಿಂಗ್ ಮತ್ತು ಜಿಯೊವಾನಿ ಸಾಕೊ ಅದರಲ್ಲೊಂದು ಕೊರತೆ ಕಂಡರು. ಹಳೆಯ ಕೀಲಿಯೊಂದು ಕಳ್ಳನ ಕೈ ಸೇರಿದರೆ ಆತ ಹಳೆಯ ಸಂದೇಶವನ್ನೇ ಮತ್ತೆ ಕಳುಹಿಸಿ ಮೋಸ ಮಾಡಬಲ್ಲ. ಅವರು ಸೂಚಿಸಿದ ಪರಿಹಾರ ಭೌತವಿಜ್ಞಾನದವರಿಗೆ ಪ್ರಿಯವಾದದ್ದು: ಸಂದೇಶದಲ್ಲಿ ಕಾಲವನ್ನು ನಮೂದಿಸುವುದು.

ಎಂಐಟಿಯಲ್ಲಿ 1983ರಲ್ಲಿ ಆರಂಭವಾದ ಅಥೆನಾ ಯೋಜನೆ ಇವೆರಡನ್ನೂ ಸೇರಿಸಿ ಕೆರ್ಬೆರೋಸ್ ರೂಪಿಸಿತು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರಿದು. ಇಲ್ಲಿ ಬಳಕೆದಾರನ ಪಾಸ್‌ವರ್ಡ್ ಜಾಲದಲ್ಲಿ ಹರಿಯುವುದೇ ಇಲ್ಲ. ಸರ್ವರ್ ಗೂಢಲಿಪಿಯಲ್ಲಿ ಕಳುಹಿಸಿದ ಉತ್ತರವನ್ನು ಬಳಕೆದಾರನ ಗಣಕವೇ ಪಾಸ್‌ವರ್ಡಿನಿಂದ ತಯಾರಾದ ಕೀಲಿಯಿಂದ ಬಿಡಿಸುತ್ತದೆ. ಹೀಗೆ ದೊರೆತ ಟಿಕೆಟ್ಟನ್ನು ಇತರ ಸೇವೆಗಳಿಗೆ ತೋರಿಸಿದರಾಯಿತು. ಆದರೆ ಎರಡು ಗಣಕಗಳ ಗಡಿಯಾರಗಳು ಸುಮಾರು 5 ನಿಮಿಷಕ್ಕಿಂತ ಹೆಚ್ಚು ಬೇರೆಯಾದರೆ ಸಾಮಾನ್ಯವಾಗಿ ಟಿಕೆಟ್ ತಿರಸ್ಕೃತವಾಗುತ್ತದೆ. ಸರಿಯಾದ ಪಾಸ್‌ವರ್ಡ್ ಕೊಟ್ಟೂ ಪ್ರವೇಶ ಸಿಗದಿದ್ದಾಗ ಗಡಿಯಾರ ನೋಡಬೇಕೆಂಬುದು ಇಂದಿಗೂ ಒಳ್ಳೆಯ ಸಲಹೆ.

ಕೆರ್ಬೆರೋಸ್ ಒಂದು ಸಂಸ್ಥೆಯ ಒಳಗೆ ಸೊಗಸು. ಬೇರೆ ಬೇರೆ ಸಂಸ್ಥೆಗಳ ನಡುವೆ? 1999ರಲ್ಲಿ ಮೈಕ್ರೋಸಾಫ್ಟ್ ‘ಪಾಸ್‌ಪೋರ್ಟ್’ ಸೇವೆ ತಂದಿತು. ಇಡೀ ಜಾಲದ ಗುರುತು ಒಂದೇ ಕಂಪನಿಯ ಕೈಯಲ್ಲಿರುವುದು ಅನೇಕರಿಗೆ ಹಿಡಿಸಲಿಲ್ಲ. 2001ರಲ್ಲಿ ಇತರ ಕಂಪನಿಗಳು ‘ಲಿಬರ್ಟಿ ಅಲಯನ್ಸ್’ ಕಟ್ಟಿಕೊಂಡವು. ವಿಶ್ವವಿದ್ಯಾಲಯಗಳು ಇನ್ನೂ ಜಾಣತನದ ಹಾದಿ ಹಿಡಿದವು ಎಂದು ನನ್ನ ಅಭಿಪ್ರಾಯ. 2003ರಲ್ಲಿ ಮೊದಲ ಆವೃತ್ತಿ ಕಂಡ ‘ಶಿಬೊಲೆತ್’ ತಂತ್ರಾಂಶದಲ್ಲಿ ಪ್ರತಿಯೊಂದು ಸಂಸ್ಥೆಯೂ ತನ್ನವರಿಗೆ ತಾನೇ ಮುಖ್ಯೋಪಾಧ್ಯಾಯ. ‘ಈಕೆ ನಮ್ಮ ವಿದ್ಯಾರ್ಥಿನಿ’ ಎಂಬ ಸಹಿ ಮಾಡಿದ ಹೇಳಿಕೆಯಷ್ಟೇ ಪ್ರಕಾಶಕರಿಗೆ ಹೋಗುತ್ತದೆ, ಹೆಸರು ಸಹ ಹೋಗಬೇಕಾಗಿಲ್ಲ. (ಬೈಬಲಿನಲ್ಲಿ ‘ಶ’ ಎನ್ನಲಾಗದೆ ‘ಸ’ ಎಂದವರು ನದಿ ದಾಟುವಲ್ಲಿ ಸಿಕ್ಕಿಬಿದ್ದ ಪ್ರಸಂಗದಿಂದ ಬಂದ ಹೆಸರು ಇದು. ನಮ್ಮ ಕನ್ನಡ ಮೇಷ್ಟರು ಮೆಚ್ಚುವಂಥದ್ದು!) ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದೇ ತಂತ್ರಾಂಶದ ಮೇಲೆ ‘ಇನ್‌ಫೆಡ್’ ಎಂಬ ಒಕ್ಕೂಟವನ್ನು ಕಟ್ಟಿತು. ಸದಸ್ಯ ಸಂಸ್ಥೆಯ ಸಂಶೋಧಕರು ಕ್ಯಾಂಪಸ್ಸಿನಿಂದ ದೂರವಿದ್ದೂ ಓದುವುದು ಇದರಿಂದ ಸಾಧ್ಯವಾಯಿತು.

ಈಗ ನಿಮ್ಮ ಕಾಲೇಜಿಗೆ ಬನ್ನಿ. ಪಾಠ, ಪರೀಕ್ಷೆಗಳಿಗೆಂದು 2002ರಲ್ಲಿ ಹೊರಬಂದ ಮುಕ್ತ ತಂತ್ರಾಂಶ ಮೂಡಲ್ ಅನ್ನು ನಿಮ್ಮದೇ ಸರ್ವರಿನಲ್ಲಿ ಸ್ಥಾಪಿಸಿದ್ದೀರಿ ಎನ್ನೋಣ. ವಿದ್ಯಾರ್ಥಿಗಳು ತಮ್ಮ ಗೂಗಲ್ ಖಾತೆಯಿಂದಲೇ ಒಳಬರಲಿ ಎಂದು ನಿಮ್ಮ ಆಸೆ. ಇಲ್ಲಿ ಕೆಲಸಕ್ಕೆ ಬರುವುದು 2012ರ ಓಆತ್ 2.0 ಮತ್ತು ಅದರ ಮೇಲೆ 2014ರಲ್ಲಿ ಕಟ್ಟಿದ ಓಪನ್‌ಐಡಿ ಕನೆಕ್ಟ್. ಮೊದಲನೆಯದು ಅನುಮತಿಯ ನಿಯಮ, ಎರಡನೆಯದು ಗುರುತಿನ ನಿಯಮ. ಅನುಮತಿ ಮತ್ತು ಗುರುತು ಒಂದೇ ಅಲ್ಲ. ಮನೆ ಕೀಲಿ ಕೈಯಲ್ಲಿದ್ದವರೆಲ್ಲ ಮನೆ ಯಜಮಾನರಲ್ಲವಷ್ಟೆ.

ಮೊದಲು ನಿಮ್ಮ ತಾಣವನ್ನು ಗೂಗಲ್‌ನಲ್ಲಿ ನೋಂದಾಯಿಸಬೇಕು. ಒಂದು ಗುರುತುಸಂಖ್ಯೆ, ಒಂದು ರಹಸ್ಯಪದ ಸಿಗುತ್ತವೆ. ಉತ್ತರ ಯಾವ ವಿಳಾಸಕ್ಕೆ ಮರಳಬೇಕೆಂದು ನೀವು ಬರೆದುಕೊಡಬೇಕು. ಇದರಲ್ಲಿ ಒಂದು ಓರೆಗೆರೆ ಹೆಚ್ಚುಕಡಿಮೆಯಾದರೂ ಕೋರಿಕೆ ನಿರಾಕೃತವಾಗುತ್ತದೆ. ಇದು ಅತಿ ಕಟ್ಟುನಿಟ್ಟೆಂದು ಗೊಣಗಬೇಡಿ. ವಿಳಾಸ ಸಡಿಲವಾಗಿದ್ದರೆ ಉತ್ತರವನ್ನು ಕಳ್ಳ ತನ್ನ ಮನೆಗೆ ತಿರುಗಿಸಿಕೊಳ್ಳಬಲ್ಲ. ವಿದ್ಯಾರ್ಥಿ ಪಾಸ್‌ವರ್ಡನ್ನು ಗೂಗಲ್‌ಗೆ ಮಾತ್ರ ಕೊಡುತ್ತಾನೆ. ಬ್ರೌಸರು ಅಲ್ಪಾಯುಷ್ಯದ ಒಂದು ಸಂಕೇತದೊಡನೆ ಮೂಡಲ್‌ಗೆ ಮರಳುತ್ತದೆ. ಮೂಡಲ್ ಆ ಸಂಕೇತವನ್ನು ತನ್ನ ರಹಸ್ಯಪದದೊಡನೆ ಗೂಗಲ್‌ಗೆ ನೇರವಾಗಿ ಒಪ್ಪಿಸಿ ಪ್ರವೇಶಕ್ಕೆ ಬೇಕಾದ ಟೋಕನ್ ಪಡೆಯುತ್ತದೆ. ಓಪನ್‌ಐಡಿ ಕನೆಕ್ಟ್‌ನ ಗುರುತಿನ ಟೋಕನ್‌ನಲ್ಲಿ ಕೊಟ್ಟವರಾರು, ಯಾವ ತಾಣಕ್ಕೆ, ಯಾರ ಬಗ್ಗೆ, ಎಲ್ಲಿಯವರೆಗೆ ಎಂಬ ವಿವರಗಳೂ ಡಿಜಿಟಲ್ ಸಹಿಯೂ ಇರುತ್ತವೆ. ಬಸ್ ಪಾಸಿನಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇಷ್ಟೇ.

ಆದರೆ ಮುಖ್ಯೋಪಾಧ್ಯಾಯರೇ ಶಾಲೆ ಮುಚ್ಚಿಬಿಟ್ಟರೆ? ಜನಪ್ರಿಯವಾಗಿದ್ದ ‘ಮೈಓಪನ್‌ಐಡಿ’ 2014ರ ಫೆಬ್ರವರಿಯಲ್ಲಿ, ಮೊಜಿಲ್ಲಾದ ‘ಪರ್ಸೋನಾ’ 2016ರ ನವೆಂಬರಿನಲ್ಲಿ ನಿಂತುಹೋದವು. ಅವುಗಳನ್ನಷ್ಟೇ ನೆಚ್ಚಿದ ತಾಣಗಳು ಬೇರೆ ವ್ಯವಸ್ಥೆ ಹುಡುಕಬೇಕಾಯಿತು. ಆದ್ದರಿಂದ ಯಾರ ಹಂಗೂ ಇಲ್ಲದ ಒಂದು ಸ್ಥಳೀಯ ಆಡಳಿತ ಖಾತೆಯನ್ನು ಮೂಡಲ್‌ನಲ್ಲಿ ಉಳಿಸಿಕೊಂಡಿರಿ. ಇನ್ನೊಂದು ಅಪಾಯ ಇ-ಮೇಲ್ ವಿಳಾಸದ್ದು. ಕಾಲೇಜು ಬಿಟ್ಟವನ ವಿಳಾಸವನ್ನು ಮುಂದೆ ಅದೇ ಹೆಸರಿನ ಹೊಸಬನಿಗೆ ಕೊಟ್ಟರೆ, ಹಳಬನ ಅಂಕಗಳೆಲ್ಲ ಹೊಸಬನ ಮುಂದೆ ತೆರೆದುಕೊಂಡಾವು. ಹೀಗಾಗದಿರಲೆಂದೇ ಗುರುತಿನ ಟೋಕನ್‌ನಲ್ಲಿ ಪ್ರತಿ ಬಳಕೆದಾರನಿಗೂ ಮರುಬಳಕೆಯಾಗದ ಸ್ಥಿರವಾದ ಒಂದು ಗುರುತು ಇರುತ್ತದೆ. ನಿಮ್ಮ ತಂತ್ರಾಂಶ ಖಾತೆಗಳನ್ನು ಅದರಿಂದ ಗುರುತಿಸುತ್ತದೆಯೋ, ಬರಿಯ ಇ-ಮೇಲಿನಿಂದಲೋ ಎಂಬುದನ್ನು ವಿದ್ಯಾರ್ಥಿಗಳಿಗೆ ತೆರೆಯುವ ಮೊದಲೇ ಪರೀಕ್ಷಿಸಿಕೊಳ್ಳಿ.