ಪದ ಪರಿಚಯ: ನರ

ನರ: ಕೊಟ್ಟೂರು, ಹರಪನಹಳ್ಳಿ ಕಡೆ ಕತ್ತು ಹೊರಳದಿದ್ದರೂ ‘ನರ ಹಿಡದೈತಿ’, ಕಾಲಿನ ರಕ್ತನಾಳ ಊದಿದರೂ ‘ನರ ಉಬ್ಯಾವ’. ತಪ್ಪಲ್ಲ, ಅದು ಪದದ ಹಳೆಯ ಹರವು. ತಮಿಳಿನ ನರಂಬು, ಮಲಯಾಳದ ಞರಂಬು, ತೆಲುಗಿನ ನರಮು ಇದರ ಒಡಹುಟ್ಟುಗಳು. ತಮಿಳಿನಲ್ಲಿ ಯಾಳ್ ವಾದ್ಯದ ತಂತಿಯೂ ನರಂಬೇ. ಮನುಷ್ಯ ಎಂಬರ್ಥದ ಸಂಸ್ಕೃತದ ‘ನರ’ ಬೇರೆ.

ವೈದ್ಯರ ‘ನರ’ ಸಂದೇಶ ಒಯ್ಯುವ ತಂತುವಿಗಷ್ಟೇ ಸಲ್ಲುತ್ತದೆ. 12 ಜೊತೆ ಕಪಾಲ ನರಗಳಲ್ಲಿ ವಾಸನೆ, ನೋಟದವನ್ನು ಬಿಟ್ಟರೆ ಉಳಿದ 10 ಜೊತೆ ಮಿದುಳು ಕಾಂಡಕ್ಕೆ ಸೇರಿದವು. ಏಳನೆಯದು ಮುಖದ ಸ್ನಾಯುಗಳನ್ನು ಆಡಿಸುತ್ತದೆ. ಹತ್ತನೆಯದು ಎದೆ, ಹೊಟ್ಟೆಯವರೆಗೂ ಇಳಿಯುತ್ತದೆ. ಉಸಿರಾಟ, ಎದೆಬಡಿತದ ಹತೋಟಿಯೂ ಆ ಕಾಂಡದಲ್ಲೇ ಇದೆ.

ಬಾಯಿ ದಿಢೀರನೆ ವಾರೆಯಾಗಿ ಮಾತು ತೊದಲಿದರೆ ‘ನರ ಹಿಡದೈತಿ’ ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಪಾರ್ಶ್ವವಾಯು ಇರಬಹುದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.