ಗಿರಣಿಯವನ ಹೆಸರು: ‘ಮುಲ್ಲರ್’ ಕುಲನಾಮದ ಹುಟ್ಟು ಮತ್ತು ಹರವು

ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಕುಲನಾಮ ಮುಲ್ಲರ್. ಸ್ವಿಟ್ಜರ್ಲೆಂಡಿನಲ್ಲೂ ಮೊದಲ ಸ್ಥಾನ ಅದಕ್ಕೇ. ಮುಲ್ಲರ್ ಎಂದರೆ ಹಿಟ್ಟಿನ ಗಿರಣಿ ನಡೆಸುವವನು. ಹಾಗೆಂದು ಮಧ್ಯಯುಗದ ಜರ್ಮನಿಯಲ್ಲಿ ಗಿರಣಿಯವರೇ ತುಂಬಿದ್ದರೆಂದು ಲೆಕ್ಕ ಹಾಕಿದರೆ ತಪ್ಪಾದೀತು. ಬೇಸಾಯಗಾರರು, ನೇಕಾರರು ಅವರಿಗಿಂತ ಎಷ್ಟೋ ಪಾಲು ಹೆಚ್ಚಿದ್ದರು.

ಕುಲನಾಮ ಹುಟ್ಟಿದ್ದು ಗುರುತು ಹಿಡಿಯುವುದಕ್ಕೆ. ಊರಿನ ಅರ್ಧ ಮನೆಗಳಲ್ಲಿ ಮಗ್ಗವಿದ್ದರೆ ‘ನೇಕಾರ ಹಾನ್ಸ್’ ಎಂದು ಕರೆದು ಪ್ರಯೋಜನವೇನು? ಗಿರಣಿಯಾದರೋ ಸಾಮಾನ್ಯವಾಗಿ ಹಳ್ಳಿಗೊಂದು. ಅನೇಕ ಕಡೆ ಒಕ್ಕಲುಗಳು ಭೂಮಾಲೀಕ ಪ್ರಭುವಿನ ಗಿರಣಿಯಲ್ಲೇ ಕಾಳು ಬೀಸಿಸಬೇಕೆಂಬ ಕಟ್ಟಳೆಯೂ ಇತ್ತು. ಹೀಗಾಗಿ ಗಿರಣಿಯ ಹಾನ್ಸ್ ಯಾರೆಂದು ಊರಿಗೆಲ್ಲ ಗೊತ್ತು. ಕಮ್ಮಾರನದೂ ಇದೇ ಕಥೆ. ಸ್ಮಿಟ್ ಎಂಬ ಹೆಸರು ಎರಡನೆಯ ಸ್ಥಾನದಲ್ಲಿರುವುದು ಅದಕ್ಕೇ. ಈ ಹೆಸರುಗಳ ಸಂಖ್ಯೆ ಹೇಳುವುದು ಕಸುಬಿನವರ ಲೆಕ್ಕಕ್ಕಿಂತ ಹೆಚ್ಚಾಗಿ ಹಳ್ಳಿಗಳ ಲೆಕ್ಕವನ್ನು. ಸ್ಮಿಟ್‌ನ ಕಾಗುಣಿತ ಹಲವು ಬಗೆಯಾಗಿ ಒಡೆದುಹೋಗಿದೆ. ಅವನ್ನೆಲ್ಲ ಒಟ್ಟು ಮಾಡಿದರೆ ಮುಲ್ಲರನ ಪಟ್ಟ ಅಲುಗಾಡುತ್ತದೆ ಎಂಬುದನ್ನೂ ಮರೆಯಬಾರದು.

ಹೆಸರಿನ ಬೇರು ಲ್ಯಾಟಿನ್‌ನ ‘ಮೊಲಿನಾರಿಯುಸ್’. ಪ್ರಾಚೀನ ಜರ್ಮನ್‌ನಲ್ಲಿ ಅದು ‘ಮುಲಿನಾರಿ’ ಆಯಿತು. ದಕ್ಷಿಣದ ಹಾಗೂ ರೈನ್ ತೀರದ ಪಟ್ಟಣಗಳಲ್ಲಿ 12ನೆಯ ಶತಮಾನದಿಂದ ಇಂಥ ಉಪನಾಮಗಳು ನೆಲೆಯೂರತೊಡಗಿದವು. ಉತ್ತರದಲ್ಲಿ ತಡವಾಯಿತು, ಪೂರ್ವ ಫ್ರೀಸ್‌ಲ್ಯಾಂಡಿನವರಿಗೆ 1811ರಲ್ಲಿ ನೆಪೋಲಿಯನ್ನನ ಆಡಳಿತ ಆಜ್ಞೆ ಹೊರಡಿಸಬೇಕಾಯಿತು. ಉತ್ತರದ ಮೊಲ್ಲರ್, ಬವೇರಿಯಾ–ಆಸ್ಟ್ರಿಯಾಗಳ ಮುಲ್ನರ್, ಆಗ್ಸ್‌ಬರ್ಗ್ ಸುತ್ತಿನ ಮಿಲ್ಲರ್ ಇವೆಲ್ಲ ಒಂದೇ ಹೆಸರಿನ ಪ್ರಾದೇಶಿಕ ಉಚ್ಚಾರಗಳು.

ಗಿರಣಿಯವನಿಗೆ ಗೌರವವೇನೂ ಹೆಚ್ಚಿರಲಿಲ್ಲ. ಅಳತೆಯಲ್ಲಿ ಹಿಟ್ಟು ಕದಿಯುತ್ತಾನೆಂಬ ಗುಮಾನಿ ಎಲ್ಲೆಲ್ಲೂ ಇತ್ತು. ಕೆಲವೆಡೆ ಅವನ ಮಕ್ಕಳನ್ನು ಕಸುಬಿನ ಸಂಘಗಳಿಗೆ ಸೇರಿಸುತ್ತಿರಲಿಲ್ಲ. ಹಾಗೆ ಹೊರಗಿಡಬಾರದೆಂದು 1548ರ ಸಾಮ್ರಾಜ್ಯದ ಶಾಸನವೇ ಹೇಳಬೇಕಾಯಿತು. ಆದರೂ ಹೆಸರು ಅಳಿಯಲಿಲ್ಲ. ಕಸುಬು ಬಿಟ್ಟವರಿಗೂ ಅದು ಉಳಿಯಿತು: ಕವಿ ವಿಲ್ಹೆಲ್ಮ್ ಮುಲ್ಲರನ ತಂದೆ ದರ್ಜಿ. ಆದರೆ ಕವಿಯ ಪ್ರಸಿದ್ಧ ಕವಿತಾಮಾಲೆಯೊಂದರ ನಾಯಕಿ ಗಿರಣಿಯವನ ಮಗಳು! ಅದಕ್ಕೆ ಶೂಬರ್ಟ್ 1823ರಲ್ಲಿ ಸ್ವರ ಸಂಯೋಜಿಸಿದ. ಅದೇ ವರ್ಷ ಡೆಸ್ಸಾವಿನಲ್ಲಿ ಹುಟ್ಟಿದ ಕವಿಯ ಮಗನೇ ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್. ಬರಿಯ ಮುಲ್ಲರ್ ಎಂದರೆ ಗುರುತಾಗುವುದಿಲ್ಲವೆಂದು ಆತ ‘ಮ್ಯಾಕ್ಸ್’ ಅನ್ನೂ ಕುಲನಾಮಕ್ಕೆ ಬೆಸೆದುಕೊಂಡ. ಗುರುತಿಗೆಂದು ಬಂದ ಹೆಸರಿಗೇ ಗುರುತಿನ ಕೊರತೆ.

ಅಮೆರಿಕದಲ್ಲಿ ಈ ಹೆಸರು ಇಂಗ್ಲಿಷಿನ ಮಿಲ್ಲರ್‌ನಲ್ಲಿ ಕರಗಿತು. ಪೆನ್ಸಿಲ್ವೇನಿಯಾಕ್ಕೆ ಬಂದಿಳಿದ ಜರ್ಮನರು 1727ರಿಂದ ಫಿಲಡೆಲ್ಫಿಯಾದಲ್ಲಿ ನಿಷ್ಠೆಯ ಪ್ರತಿಜ್ಞೆಗೆ ಸಹಿ ಹಾಕಬೇಕಿತ್ತು. ಆ ಪಟ್ಟಿಗಳು ಸಂಶೋಧಕರಿಗೆ ದೊಡ್ಡ ಆಧಾರ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ತಿದ್ದಿದರೆಂಬ ಕಥೆ ಜನಪ್ರಿಯ, ಆದರೆ ನಂಬಲರ್ಹವಲ್ಲ: ಅವರ ಕೈಯಲ್ಲಿದ್ದದ್ದು ಹಡಗಿನ ಕಂಪನಿ ಮೊದಲೇ ಬರೆದ ಯಾದಿ. ಹೆಸರು ಬದಲಾದದ್ದು ಹೆಚ್ಚಾಗಿ ನೆರೆಹೊರೆಯಲ್ಲಿ, ಚರ್ಚಿನ ದಾಖಲೆಯಲ್ಲಿ, ತಮ್ಮದೇ ಇಚ್ಛೆಯಿಂದ. 2010ರ ಜನಗಣತಿಯಲ್ಲಿ ಅಲ್ಲಿ 11,61,437 ಮಿಲ್ಲರ್‌ಗಳು, ಏಳನೆಯ ಸ್ಥಾನ. ಬ್ರಿಟನ್ನಿನಲ್ಲಿ ಮಿಲ್ಲರ್ ಅಷ್ಟು ಮೇಲಿಲ್ಲ. ಈ ಅಂತರಕ್ಕೆ ಮುಖ್ಯ ಕಾರಣ ಜರ್ಮನ್ ವಲಸೆಯೇ.

ಕನ್ನಡ ನಾಡಿನಲ್ಲಿ ಆ ಹೆಸರು ಕರಗದೆ ನಿಂತಿದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯ ತೆರೆದ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್. ಇಂದಿಗೂ ಕರಾವಳಿಯವರು ‘ಫಾದರ್ ಮುಲ್ಲರ್’ ಎಂದರೆ ಆಸ್ಪತ್ರೆ ಎಂದೇ ಅರ್ಥ.